ಬೀಜ ಒತ್ತುವ ಕೈ

ಜನವರಿ ಬಂತೆಂದರೆ ನಮ್ಮ ಅಡುಗೆಮನೆಯಲ್ಲಿ ಅಡುಗೆಗೆ ಜಾಗ ಸಿಗುವುದಿಲ್ಲ. ಕಿಟಕಿಯ ದಂಡೆಯ ತುಂಬ ಚಹಾ ಕುಡಿಯುವ ಕಾಗದದ ಲೋಟಗಳು, ಗ್ಯಾಸಿನ ಪಕ್ಕದಲ್ಲಿ ಮೊಟ್ಟೆಯ ಟ್ರೇ, ಫ್ರಿಜ್ಜಿನ ಮೇಲೆ ಒದ್ದೆ ಬೈರಾಸಿನ ತುಂಡಿನಲ್ಲಿ ಕಟ್ಟಿಟ್ಟ ಸೌತೆ ಬೀಜ. ಫ್ರಿಜ್ಜಿನ ಮೇಲೆ ಯಾಕೆಂದರೆ ಅಲ್ಲಿ ಹಗಲೂ ರಾತ್ರಿ ಹದವಾದ ಬಿಸಿ ಇರುತ್ತದೆ. ನಾವಿರುವ ಅಲ್ ಅಮೇರಾತ್ ಒಮಾನಿನ ಮಸ್ಕತ್ತಿಗೆ ತಾಗಿದ, ಸುತ್ತಲೂ ಬೋಳುಗುಡ್ಡಗಳ ಊರು. ಆ ತಿಂಗಳಲ್ಲಿ ಸಂಜೆಯಾದರೆ ಗುಡ್ಡದಿಂದ ಇಳಿಯುವ ಚಳಿಗೆ ನಮ್ಮ ಕರಾವಳಿಯ ಬೀಜ ಕಣ್ಣು ಬಿಡುವುದೇ ಇಲ್ಲ. ಹೊರಗಿಟ್ಟರೆ ಬೀದಿ ಸುತ್ತುವ ಆಡುಗಳ ಕಾಟ ಬೇರೆ. ಚಳಿ ಹೋಗಲಿ ಎಂದು ಕಾದು ಕೂತಿರೋ, ಹಿಂದೆಯೇ ಬರುವ ಬಿಸಿಲು ಹೂವನ್ನೇ ಸುಟ್ಟು ಹಾಕುತ್ತದೆ. ಆದ್ದರಿಂದ ಒಳಗೇ ಮೊಳಕೆ ಬರಿಸಿ, ಒಳಗೇ ನಾಲ್ಕು ಎಲೆ ಮಾಡಿಸಿ, ಫೆಬ್ರವರಿಯ ಬಿಸಿಲು ಹದವಾದಾಗ ಹೊರಗೆ ನೆಡಬೇಕು. ಹಾಗೆ ಮಾಡಿದವರಿಗೆ ಏಪ್ರಿಲ್ಲಿನ ಬಿಸುವಿನ ಹೊತ್ತಿಗೆ ಸ್ವಂತ ಸೌತೆಕಾಯಿ.

ಬಿಸು ಅಂದರೆ ತುಳುವರಾದ ನಮಗೆ ವರ್ಷದ ಮೊದಲ ದಿನ. ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಬೀಳಬೇಕಾದದ್ದು ದೇವರೆದುರು ಜೋಡಿಸಿಟ್ಟ ಅಕ್ಕಿ, ತೆಂಗಿನಕಾಯಿ, ಕನ್ನಡಿ, ಚಿನ್ನ ಮತ್ತು ಹಿತ್ತಿಲಲ್ಲಿ ಬೆಳೆದ ತರಕಾರಿ. ಅದೇ ಕಣಿ. ಚಿನ್ನ ಇಲ್ಲದಿದ್ದರೂ ನಡೆದೀತು, ಸೌತೆಕಾಯಿ ಇಲ್ಲದ ಕಣಿ ನಮಗೆ ಕಣಿಯೇ ಅಲ್ಲ. ಮಸ್ಕತ್ತಿನಲ್ಲಿ ನಮ್ಮ ಕಡೆಯ ಹತ್ತಾರು ಸಂಸಾರಗಳು ಮದೀನತ್ ಸುಲ್ತಾನ್ ಖಾಬೂಸಿನಲ್ಲಿರುವ ಒಂದು ದೊಡ್ಡ ವಿಲ್ಲಾದಲ್ಲಿ ಸೇರಿ ಕಣಿ ನೋಡುವುದು ರೂಢಿ. ಆ ಮನೆಯ ಯಜಮಾನರು ಯಾವುದೋ ಕಂಪೆನಿಯಲ್ಲಿ ದೊಡ್ಡ ಮ್ಯಾನೇಜರ್. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ನಾನು ನನ್ನ ಮಟ್ಟಿಗೆ ಅವರನ್ನು ವಿಲ್ಲಾ ಅಕ್ಕ ಎನ್ನುತ್ತೇನೆ, ಮನಸ್ಸಿನೊಳಗೆ.

ನಾನು ಬೀಜ ಒತ್ತಲು ಹೊರಟದ್ದು ದೊಡ್ಡ ಸಾಧನೆ ಮಾಡಲಿಕ್ಕಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲರೂ ಊರಿಂದ ತಂದ ಬೀಜ ನೆಲಕ್ಕೆ ಹಾಕಿ, ಬರಲಿಲ್ಲ ಬರಲಿಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಅಡುಗೆಮನೆಯಲ್ಲಿ ಹಾಕಿದ್ದು ಬಂತು. ಅಷ್ಟೇ ಸಾಕಾಯಿತು. ನಿಮ್ಮ ಕೈಗುಣ ಭಾರಿ ಒಳ್ಳೆಯದು ಮಾರಾಯ್ರೆ, ನಮ್ಮದನ್ನೂ ನಿಮ್ಮ ಕೈಯಿಂದಲೇ ಹಾಕಿ ಕೊಡಿ ಎಂದು ಒಬ್ಬೊಬ್ಬರೇ ಬೀಜದ ಪೊಟ್ಟಣ ಹಿಡಿದುಕೊಂಡು ಬರತೊಡಗಿದರು. ಈ ಮಾತು ನಾನು ಹೇಳಿದ್ದಲ್ಲ, ಅವರೇ ಹೇಳಿದ್ದು. ಕೈಗುಣ ಅನ್ನುವುದನ್ನು ನಾನು ಆಗಲೂ ಪೂರ್ತಿ ನಂಬಿದವಳಲ್ಲ. ನೀರು ಎಷ್ಟು, ಬೆಳಕು ಎಷ್ಟು ಅನ್ನುವ ಅಂದಾಜು ಇದ್ದರೆ ಯಾರ ಕೈಗೂ ಗಿಡ ಬರುತ್ತದೆ. ಆದರೂ ಹೊಗಳಿದರೆ ಯಾರಿಗೆ ಬೇಡ? ನನಗೂ ಖುಷಿಯೇ ಆಗುತ್ತಿತ್ತು.

ಹಾಗೆ ವರ್ಷ ವರ್ಷವೂ ನಮ್ಮ ಬಾಡಿಗೆ ಮನೆ ಜನವರಿಯಲ್ಲಿ ಒಂದು ಸಣ್ಣ ನರ್ಸರಿಯಾಗುತ್ತಿತ್ತು. ನನ್ನ ಗಂಡನಿಗೆ ಕೆಲಸ ಸುವೈಕ್ ಕಡೆ, ಒಂದು ಗೋದಾಮಿನಲ್ಲಿ. ವಾರದ ಕೊನೆಗೆ ಮನೆಗೆ ಬರುವಾಗ ಅಲ್ಲಿನ ಯಾವುದೋ ತೋಟದಿಂದ ಗೋಣಿಯಲ್ಲಿ ಮಣ್ಣು, ಆಡಿನ ಹಿಕ್ಕೆಯ ಗೊಬ್ಬರ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಕಾರೆಲ್ಲ ಆಡಿನ ವಾಸನೆ. ಬೀಜ ಮೊಳೆತ ಮೇಲೆ ಮೂತಿ ಕೆಳಗೆ ಮಾಡಿ ಒಂದೊಂದನ್ನೇ ಹೆಬ್ಬೆರಳಿನಿಂದ ಲೋಟದ ಮಣ್ಣಿಗೆ ಒತ್ತುವುದು ನನ್ನ ಕೆಲಸ. ಎಲೆ ಬಂದ ಮೇಲೆ ದಿನವೂ ಲೋಟಗಳನ್ನು ಬೆಳಕಿಗೆ ತಿರುಗಿಸಬೇಕು. ಒಳಗಿನ ಗಿಡಕ್ಕೆ ಗಾಳಿ ತಾಗುವುದಿಲ್ಲವಲ್ಲ, ಕಾಂಡ ಬಲಿಯಲಿ ಎಂದು ಅಂಗೈಯಿಂದ ಮೆಲ್ಲಗೆ ಸವರಿ ಅಲುಗಾಡಿಸಬೇಕು. ಸೌತೆಯ ಬೇರಿಗೆ ಕೈ ತಾಗಿದರೆ ಅದು ಮುನಿಸಿಕೊಳ್ಳುತ್ತದೆ, ಆದ್ದರಿಂದ ನೆಡುವಾಗ ಲೋಟದ ತಳ ಕತ್ತರಿಸಿ ಹಾಗೇ ಇಳಿಸಬೇಕು. ಇಷ್ಟನ್ನೂ ಪ್ರತಿ ವರ್ಷ ಪ್ರತಿಯೊಬ್ಬರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗುತ್ತಿತ್ತು. ವಿಲ್ಲಾ ಅಕ್ಕನ ತೋಟಕ್ಕೆ ಹೋಗುತ್ತಿದ್ದದ್ದೂ ನಾನು ಒತ್ತಿದ ಗಿಡವೇ. ಬಿಸುವಿನ ಕಣಿಯಲ್ಲಿ ಇರುತ್ತಿದ್ದದ್ದು ಆ ಗಿಡದ ಕಾಯಿಯೇ.

ಹೋದ ವರ್ಷದ ಹಿಂದಿನ ವರ್ಷ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ನನ್ನ ಗಂಡ ತೀರಿಕೊಂಡರು. ಬೆಳಿಗ್ಗೆ ಎದೆ ನೋವು ಅಂದರು, ಮಧ್ಯಾಹ್ನಕ್ಕೆ ಇಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕಾರ್ಯ ಎಲ್ಲ ಮುಗಿಸಿ ನಾನೂ ಮಗಳೂ ವಾಪಸ್ ಬಂದೆವು. ನಾನು ಇಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ, ವೀಸಾ ನನ್ನದೇ. ಮಗಳದ್ದು ಹತ್ತನೆಯ ತರಗತಿಯ ವರ್ಷ. ಬರದೆ ಏನು ಮಾಡುವುದು? ಕ್ಲಿನಿಕ್ಕಿನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಜವಾಬುದಾರನಾದ ಒಮಾನಿ ಯಜಮಾನ, ವಯಸ್ಸಾದ ಮನುಷ್ಯ. ಹೆಚ್ಚು ಮಾತಿಲ್ಲ. ಬಂದ ದಿನ ಎರಡು ಒಳ್ಳೆಯ ಮಾತು ಹೇಳಿ, ಚಳಿಗಾಲ ಬಂದ ಕೂಡಲೇ ತನ್ನ ಮುರುಕು ಹಿಂದಿಯಲ್ಲಿ, "ಈ ವರ್ಷ ನನ್ನ ತಾಯಿಗೆ ಖಿಯಾರ್ ಗಿಡ ಇಲ್ಲವೇ?" ಎಂದು ಕೇಳಿದ. ಖಿಯಾರ್ ಅಂದರೆ ಸೌತೆ. "ಉಂಟು, ಕೊಡುತ್ತೇನೆ" ಎಂದೆ. ಮನಸ್ಸಿಗೆ ಎಷ್ಟೋ ಹಗುರವಾಯಿತು.

ಆ ಉಮೇದಿನಲ್ಲೇ ಲೋಟಗಳನ್ನು ತೊಳೆದು ಒಣಗಿಸಿಟ್ಟೆ. ದಾರಿ ಬದಿಯ ನರ್ಸರಿಯಿಂದ ಮಣ್ಣು ತಂದೆ. ಜನವರಿ ಬಂತು. ಯಾರೂ ಬರಲಿಲ್ಲ.

ಮೊದಮೊದಲು ನಾನೇ ಸಮಾಧಾನ ಹೇಳಿಕೊಂಡೆ. ಪಾಪ, ದುಃಖದಲ್ಲಿದ್ದಾಳೆ, ತೊಂದರೆ ಕೊಡುವುದು ಬೇಡ ಎಂದಿರಬೇಕು ಅಂದುಕೊಂಡೆ. ನಾನೇ ವಿಲ್ಲಾ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಬೀಜ ಕಳಿಸ್ತೀರಲ್ಲ? ತಡ ಆದ್ರೆ ಬಿಸುವಿಗೆ ಕಾಯಿ ಸಿಕ್ಲಿಕ್ಕಿಲ್ಲ."

"ಅಯ್ಯೋ, ನೀವು ಈ ವರ್ಷ ಯಾಕೆ ತ್ರಾಸ ತಗೊಳ್ತೀರಿ ಮಾರಾಯ್ತಿ. ರೆಸ್ಟ್ ತಗೊಳ್ಳಿ. ಮುಂದೆ ನೋಡುವ" ಎಂದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ರೆಸ್ಟ್! ಬೆಳಿಗ್ಗೆಯಿಂದ ಸಂಜೆಯವರೆಗೆ ಕ್ಲಿನಿಕ್ಕಿನ ಫೋನಿಗೆ ಉತ್ತರ ಕೊಟ್ಟು ಬರುವವಳಿಗೆ, ಒಂದು ಬೀಜವನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಸುಸ್ತಾಗುತ್ತದಾ?

ನಿಜ ಹೇಳಿದ್ದು ನಮ್ಮ ಮೇಲಿನ ಮನೆಯಾಕೆ. ಅವಳು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್, ನಾವು ಕನ್ನಡದಲ್ಲೇ ಮಾತಾಡುವುದು. ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಜಾತಿಯಲ್ಲ. ತನ್ನ ಹರಿವೆ ಬೀಜ ಹಿಡಿದುಕೊಂಡು ಬಂದವಳು ನನ್ನ ಖಾಲಿ ಲೋಟಗಳನ್ನು ನೋಡಿ ನಿಂತಳು.

"ಅಕ್ಕಾ, ನಿಮಗೆ ಗೊತ್ತಿಲ್ವಾ? ಅವರೆಲ್ಲ ಬೀಜ ಬೇರೆಯವರ ಹತ್ರ ಹಾಕಿಸಿಯಾಯ್ತು."

"ಯಾರ ಹತ್ರ?"

"ಆ ಹೊಸ ಹುಡುಗಿ ಇದ್ದಾಳಲ್ಲ, ಹೋದ ವರ್ಷ ಮದುವೆಯಾಗಿ ಬಂದವಳು. ಅವಳ ಹತ್ರ. ಬಿಸು ಕಣಿಗೆ ಇಡುವ ತರಕಾರಿಯ ಬೀಜ ಸುಮಂಗಲಿ ಕೈಯಿಂದಲೇ ಆಗ್ಬೇಕಂತೆ." ಸ್ವಲ್ಪ ತಡೆದು ಅವಳೇ ಸೇರಿಸಿದಳು, "ನಮ್ಮಲ್ಲೂ ಇಂಥದ್ದು ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಮದುವೆಯ ಹಿಂದಿನ ದಿನ ರೋಸಿನ ಶಾಸ್ತ್ರದಲ್ಲಿ ಮದುಮಗಳಿಗೆ ಎಣ್ಣೆ ಹಚ್ಚುವಾಗ ಕೆಲವರನ್ನು ಹಿಂದೆ ನಿಲ್ಲಿಸ್ತಾರೆ. ನಾವೇನು ಭಾರಿ ಒಳ್ಳೆಯವರಲ್ಲ. ಆದ್ರೆ ಹರಿವೆ ಸೊಪ್ಪಿಗೆಲ್ಲ ಯಾರಾದ್ರೂ ಇದನ್ನು ನೋಡ್ತಾರಾ? ನೀವು ನನ್ನದನ್ನು ಹಾಕಿ ಕೊಡಿ."

ನನಗೆ ಪಿತ್ತ ನೆತ್ತಿಗೇರಿತು. ಅಳು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಸಿಟ್ಟು ಬಂತು, ಮೈಯೆಲ್ಲ ಉರಿದು ಹೋಗುವಂಥ ಸಿಟ್ಟು. ಎಲ್ಲಿಂದ ಬಂತು ಈ ಶಾಸ್ತ್ರ? ನನ್ನ ತಾಯಿಯ ತಾಯಿ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವರು. ನಮ್ಮದು ಹೆಣ್ಣಿನ ಕಡೆಯಿಂದ ಮನೆತನ ಎಣಿಸುವ ಕುಟುಂಬ, ಆ ಅಜ್ಜಿಯೇ ಮನೆಯ ಯಜಮಾನ್ತಿ. ಗದ್ದೆಯ ಕೊಯ್ಲು ಮುಗಿದ ಮೇಲೆ ತರಕಾರಿ ಸಾಲಿಗೆ ಮೊದಲ ಬೀಜ ಹಾಕುತ್ತಿದ್ದದ್ದು ಅವರು. ನೆರೆಮನೆಯವರು ಕೂಡ ಅವರನ್ನೇ ಕರೆಯುತ್ತಿದ್ದರು. ಒಂದು ದಿನವಾದರೂ ಯಾರಾದರೂ ಬೇಡ ಅಂದದ್ದು ನಾನು ಕೇಳಿಲ್ಲ. ನಮ್ಮಲ್ಲಿದ್ದ ನಿಷೇಧ ಒಂದೇ: ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ ಅಂತ. ಮಕ್ಕಳಾಗಿದ್ದಾಗ ಬೆರಳು ಮಡಚಿ ಮುಷ್ಟಿಯಿಂದ ತೋರಿಸುತ್ತಿದ್ದೆವು. ಊರಿನಲ್ಲಿ ಇಲ್ಲದ ಶಾಸ್ತ್ರ ಸಮುದ್ರ ದಾಟಿ ಮಸ್ಕತ್ತಿಗೆ ಬಂದದ್ದಾದರೂ ಹೇಗೆ? ಎ.ಸಿ. ಹಾಕಿಕೊಂಡು ಕೂತು ಟೀವಿ ಧಾರಾವಾಹಿ ನೋಡುವವರು, ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಓದಿ ಮುಂದೆ ಕಳಿಸುವವರು, ತಮಗೆ ಬೇಕಾದದ್ದನ್ನು ಹೊಲಿದುಕೊಂಡಿದ್ದಾರೆ. ಆಮೇಲೆ ಅದಕ್ಕೆ ನಮ್ಮ ಹಿರಿಯರ ಹೆಸರು ಇಡುತ್ತಾರೆ.

ಇನ್ನೊಂದು ಕೇಳುತ್ತೇನೆ. ಸುವೈಕಿನ ತೋಟಗಳಿಂದ ಮಾರ್ಕೆಟಿಗೆ ಲಾರಿ ಲಾರಿ ಬದನೆ, ಟೊಮೆಟೊ ಬರುತ್ತದಲ್ಲ, ಅದನ್ನು ಬಿತ್ತಿದವನ ಹೆಂಡತಿ ಬದುಕಿದ್ದಾಳಾ ಎಂದು ಇವರಲ್ಲಿ ಯಾರಾದರೂ ಒಂದು ದಿನ ವಿಚಾರಿಸಿದ್ದುಂಟಾ? ಹೆಂಡತಿ ಸತ್ತ ಗಂಡಸಿನ ಕೈ ಮಾತ್ರ ಯಾವತ್ತೂ ಕೆಡುವುದೇ ಇಲ್ಲ. ಅವನು ಪೂಜೆಗೂ ಕೂರಬಹುದು, ಇನ್ನೊಂದು ಮದುವೆಗೂ ಕೂರಬಹುದು. ನನ್ನ ಕೈ ಒಂದು ಮಧ್ಯಾಹ್ನದಲ್ಲಿ ಕೆಟ್ಟು ಹೋಯಿತು! ಅದೇ ಹೆಬ್ಬೆರಳು, ಅದೇ ಅಂಗೈ. ಹೋದ ವರ್ಷದವರೆಗೆ ಚಿನ್ನದಂಥ ಕೈ ಎಂದವರೂ ಇವರೇ.

ನಾನು ನನ್ನ ಬೀಜ ಹಾಕಿದೆ. ಮೇಲಿನ ಮನೆಯವಳ ಹರಿವೆ, ಕಫೀಲನ ತಾಯಿಯ ಖಿಯಾರ್, ನನ್ನ ಸೌತೆ. ಹಟದಿಂದ ಹಾಕಿದೆ ಅಂತಲೇ ಇಟ್ಟುಕೊಳ್ಳಿ. ಎಲ್ಲವೂ ಬಂತು, ಎಂದಿನಂತೆ ಬಂತು. ದಿನವೂ ಕ್ಲಿನಿಕ್ಕಿನಿಂದ ಬಂದು ಮೈಮೇಲಿನ ಕೋಟು ತೆಗೆಯುವ ಮೊದಲು ಅಡುಗೆಮನೆಗೆ ಹೋಗಿ ಗಿಡ ನೋಡುತ್ತಿದ್ದೆ. ಅವುಗಳನ್ನು ಸವರುವಾಗ ಬಾಯಿಯಲ್ಲಿ ವಿಲ್ಲಾ ಅಕ್ಕನಿಗೆ ಹೇಳಬೇಕಾದ ಮಾತುಗಳು ಓಡುತ್ತಿದ್ದವು. ಒಂದಕ್ಕಿಂತ ಒಂದು ಚೂಪು. ನನ್ನ ಮಗಳು ಬಾಗಿಲಲ್ಲಿ ನಿಂತು, "ಹೂ ಆರ್ ಯು ಟಾಕಿಂಗ್ ಟು, ಅಮ್ಮಾ?" ಎಂದು ಕೇಳಿದಳು. ಇಲ್ಲಿನ ಇಂಡಿಯನ್ ಶಾಲೆಯಲ್ಲಿ ಓದುವ ಮಕ್ಕಳೆಲ್ಲ ಹಾಗೆಯೇ, ನಾವು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ. "ಗಿಡದ ಹತ್ರ" ಎಂದೆ. ಆದರೆ ಮೇಲಿನ ಮನೆಯವಳು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಏನು, ಯಾಕೆ ಎಂದು ಅವಳೇ ಕೆದಕಿ ಕೇಳಿದಳು. ನಾನು ಮುಚ್ಚಿಡಲಿಲ್ಲ, ಹೇಳಿದೆ. ಅವಳು ಎದ್ದು ಕೋಣೆಗೆ ಹೋದಳು.

ಅತ್ತ ಆ ಹೊಸ ಹುಡುಗಿಯ ಮನೆಯಲ್ಲಿ ಏನಾಯಿತೆಂದು ಮತ್ತೆ ಗೊತ್ತಾಯಿತು. ಅವಳು ಪಾಪ, ಮಣ್ಣು ಮುಟ್ಟಿ ಗೊತ್ತಿಲ್ಲದವಳು. ಇವರು ಹೋಗಿ ಬೀಜದ ಪೊಟ್ಟಣ ಮಡಿಲಿಗೆ ಸುರಿದು, ನೀನೇ ಹಾಕಬೇಕು ಎಂದಿದ್ದಾರೆ. ಅವಳು ಹೆದರಿ ಹೊತ್ತು ಹೊತ್ತಿಗೆ ನೀರು ಹೊಯ್ದಿದ್ದಾಳೆ. ಪರದೆ ಎಳೆದ ಹಾಲಿನಲ್ಲಿ ಇಟ್ಟಿದ್ದಾಳೆ. ಬೆಳಕು ಸಿಗದೆ ಗಿಡಗಳು ನೂಲಿನಂತೆ ಉದ್ದಕ್ಕೆ ಎದ್ದು, ಬುಡ ಕೊಳೆತು, ಒಂದೊಂದಾಗಿ ಮಲಗಿದವು. ಸರಿ, ನೀರು ಹೆಚ್ಚಾಯಿತು ಎಂದು ಬಿಡಬಹುದಿತ್ತಲ್ಲ? ಇಲ್ಲ. ಆ ಹುಡುಗಿಯ ಕೈಗುಣ ಸರಿಯಿಲ್ಲ ಎಂದು ಗುಸುಗುಸು ಶುರು ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮದುವೆಯಾಗಿ ಬಂದು ಒಂದು ವರ್ಷ ಆಗಲಿಲ್ಲ, ಅವಳ ಕೈಗೂ ಒಂದು ಮುದ್ರೆ ಒತ್ತಿಯಾಯಿತು.

ಫೆಬ್ರವರಿಯ ಮೊದಲ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ವಿಲ್ಲಾ ಅಕ್ಕ. ಒಬ್ಬರೇ. ಕೈಯಲ್ಲಿ ಹಲ್ವಾದ ಡಬ್ಬ. ನನ್ನ ಗಂಡ ತೀರಿಕೊಂಡ ಮೇಲೆ ಒಂದು ಸಲ ಮಾತಾಡಿಸಲು ಎಲ್ಲರ ಜೊತೆ ಬಂದಿದ್ದರು, ಅಷ್ಟೇ. ಒಳಗೆ ಕರೆದೆ. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವ ಅಭ್ಯಾಸ ನಮಗಿಲ್ಲ. ಚಹಾ ಮಾಡಲು ಹೋದರೆ ಹಿಂದೆಯೇ ಅಡುಗೆಮನೆಗೆ ಬಂದರು. ಕಿಟಕಿಯಲ್ಲಿ ಸೊಂಪಾಗಿ ನಿಂತಿದ್ದ ಸೌತೆ ಗಿಡಗಳನ್ನು ನೋಡಿ, "ಅಬ್ಬಾ, ಎಷ್ಟು ಚಂದ ಬಂದಿದೆ!" ಎಂದರು. ನಾನು ಕುರ್ಚಿ ಎಳೆದು ಕೊಟ್ಟು ಚಹಾಕ್ಕೆ ನೀರಿಟ್ಟೆ.

ಮಗಳು ಅಲ್ಲೇ ಅಡುಗೆಮನೆಯ ಮೇಜಿನಲ್ಲಿ ಕೂತು ದೋಸೆ ತಿನ್ನುತ್ತಿದ್ದಳು. ವಿಲ್ಲಾ ಅಕ್ಕ ಬ್ಯಾಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಅವಳ ತಟ್ಟೆಯ ಪಕ್ಕದಲ್ಲಿಟ್ಟರು.

"ನಮ್ಮ ಅತ್ತೆ ಮನೆಯ ಸೌತೆ ಬೀಜ. ಇದ್ದದ್ದರಲ್ಲಿ ಅರ್ಧ ಹಾಳಾಯ್ತು, ಗೊತ್ತಲ್ಲ ನಿಮಗೆ. ಈಗ ಹಾಕಿದ್ರೆ ಬಿಸುವಿಗೆ ಒಂದಾದ್ರೂ ಸಿಗಬಹುದು ಅಲ್ವಾ?"

"ಕಷ್ಟ. ಇವತ್ತೇ ನೆನೆಹಾಕಿದ್ರೆ ಒಂದು ಸಣ್ಣದು ಸಿಕ್ಕಿದ್ರೂ ಸಿಕ್ಕೀತು" ಎಂದೆ. ನನ್ನ ಬುದ್ಧಿ ನೋಡಿ, ಅಷ್ಟು ಸಿಟ್ಟಿನಲ್ಲೂ ಬೀಜದ ವಿಷಯ ಬಂದರೆ ಉತ್ತರ ಕೊಡುವುದು.

"ಹಾಗಾದ್ರೆ ಇಲ್ಲೇ ಇಡಿ. ನಿಮ್ಮಷ್ಟು ಗೊತ್ತಿದ್ದವರು ಯಾರಿದ್ದಾರೆ ಹೇಳಿ" ಎಂದವರು ದನಿ ತಗ್ಗಿಸಿದರು. "ಒಂದೇ ಒಂದು ಮಾತು. ನೀವು ತಪ್ಪು ತಿಳ್ಕೊಳ್ಬಾರ್ದು. ಒತ್ತುವಾಗ ಮಾತ್ರ ಮಗಳು ಒತ್ತಲಿ. ಕನ್ನೆ ಹುಡುಗಿಯ ಕೈ ಭಾರಿ ಒಳ್ಳೆಯದು ಅಂತಾರೆ. ನನಗೇನಿಲ್ಲ, ನಾನು ಇದನ್ನೆಲ್ಲ ನಂಬುದಿಲ್ಲ. ಆದ್ರೆ ನಾಲ್ಕು ಜನ ಬರುವ ಮನೆ, ಯಾರಾದ್ರೂ ಎಂತಾದ್ರೂ ಹೇಳಿದ್ರೆ?"

ತಿಂಗಳಿಡೀ ಗಿಡಗಳಿಗೆ ಹೇಳಿದ ಚೂಪು ಮಾತುಗಳೆಲ್ಲ ಎಲ್ಲಿ ಹೋದವೋ. ಬಾಯಿಗೆ ಬಂದದ್ದು ಬರೀ ಪ್ರಶ್ನೆ.

"ಮಣ್ಣು ನಾನು ತುಂಬಬಹುದಾ ಅಕ್ಕಾ?"

"ಅದಕ್ಕೆಂತ? ಧಾರಾಳ."

"ನೀರು?"

"ಛೆ, ಎಂತ ಕೇಳ್ತೀರಿ ನೀವು."

"ದಿನಾ ಬೆಳಕಿಗೆ ತಿರುಗಿಸಿ, ಸವರಿ, ಸಾಕಿ ದೊಡ್ಡದು ಮಾಡಬಹುದಾ?"

"ನೀವೇ ಮಾಡ್ಬೇಕು, ಮತ್ಯಾರು?"

"ಬೀಜ ಮುಟ್ಟಬಾರದು."

ಅವರು ಚಹಾದ ಲೋಟ ಹಿಡಿದು ಕಿಟಕಿಯ ಕಡೆ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು.

"ಅಲ್ವಾ ಮಗಾ? ನೀನು ಒತ್ತಿ ಕೊಡ್ತೀಯಲ್ಲ ಆಂಟಿಗೆ?"

ಮಗಳು ದೋಸೆಯ ತುಂಡನ್ನು ತಟ್ಟೆಯಲ್ಲಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ನಿಜಕ್ಕೂ ಅರ್ಥವಾಗದ್ದನ್ನು ಕೇಳುವ ಮುಖ. "ಆಂಟಿ, ಪಪ್ಪ ನನಗೂ ಇಲ್ಲ ಅಲ್ವಾ? ದೆನ್ ಹೌ ಈಸ್ ಮೈ ಹ್ಯಾಂಡ್ ಓಕೆ?"

ವಿಲ್ಲಾ ಅಕ್ಕನ ಮುಖ ಕಪ್ಪಿಟ್ಟಿತು. ಗಡಬಡಿಸಿ ಎದ್ದು ಮಗಳ ತಲೆ ಸವರಿದರು. "ಛೆ ಛೆ, ಹಾಗೆಲ್ಲ ಹೇಳ್ಬಾರ್ದು ಮಗಾ. ನಿನಗೆ ಎಂತ ಆಗಿದೆ? ನೀನು ಚಿನ್ನದಂಥ ಹುಡುಗಿ. ಅದೆಲ್ಲ ನಿನಗೆ ಅಲ್ಲ" ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು. ಹೇಳುತ್ತ ಹೇಳುತ್ತಲೇ ಅವರ ಇನ್ನೊಂದು ಕೈ ಮೇಜಿನ ಮೇಲೆ ಹೋಯಿತು. ತಟ್ಟೆಯ ಪಕ್ಕದಲ್ಲಿದ್ದ ಬೀಜದ ಪೊಟ್ಟಣ ಎತ್ತಿಕೊಂಡಿತು, ಬ್ಯಾಗಿಗೆ ಹಾಕಿತು, ಜಿಪ್ ಎಳೆಯಿತು.

ಅದನ್ನು ನನ್ನ ಮಗಳು ನೋಡಿದಳು. ನನಗೆ ಅಂದದ್ದನ್ನು ನಾನು ಎಂದಾದರೂ ಮರೆತೇನು. ಇದನ್ನು ಮರೆಯುವುದಿಲ್ಲ.